ಜಗಳ ಎಂದು ಬರೆದ ಕಾಗದ

ಅವಳ ಬಲಗೈಯನ್ನು ಬಾವಿಕಟ್ಟೆಯ ಮೇಲಿಟ್ಟು ಕಟ್ಟಿಗೆಯ ತುಂಡಿನಿಂದ ಜಜ್ಜಿದ್ದರು. ಒಂದೇ ಏಟಲ್ಲ. ಒಬ್ಬ ಮಣಿಕಟ್ಟು ಹಿಡಿದುಕೊಂಡ, ಇನ್ನೊಬ್ಬ ಬೆರಳು ಚಪ್ಪಟೆಯಾಗುವ ತನಕ ಹೊಡೆದ, ಮೂರನೆಯವನು ಜಡೆ ಹಿಡಿದು ಮುಖವನ್ನು ಕಲ್ಲಿಗೆ ಬಡಿದ. ಬಂದರಿನ ಮೀನು ಮಾರುಕಟ್ಟೆ ಗುಡಿಸುವ ಹೆಂಗಸು ಅವಳು. ಅಲ್ಲಿಯ ಗೋದಾಮಿನ ಬಾವಿಯಲ್ಲಿ ಅವಳ ಜಾತಿಯವರು ನೀರು ಸೇದುವಂತಿರಲಿಲ್ಲ. ಯಾರಾದರೂ ಸೇದಿ ಮೇಲಿನಿಂದ ಹೊಯ್ಯುವ ತನಕ ಕೊಡ ಹಿಡಿದು ಕಾಯಬೇಕು. ಆ ದಿನ ಮಗಳಿಗೆ ಜ್ವರ. ಗಂಟೆಗಟ್ಟಲೆ ಕಾದರೂ ಯಾರೂ ಏಳಲಿಲ್ಲ. ತಾನೇ ಹಗ್ಗ ಹಿಡಿದಳು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ನಗರದ ಒಂದು ಸಮಾಜಸೇವಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಅದರ ಅಧ್ಯಕ್ಷರು ನನ್ನ ಸೋದರಮಾವ, ನಾನು ಉಳಿದುಕೊಂಡದ್ದೂ ಅವರ ಮನೆಯಲ್ಲೇ. ಗೋದಾಮೂ ಅವರದೇ, ಹೊಡೆದವರೂ ಅವರ ಆಳುಗಳೇ. ಅವರು ಜಗಲಿಯಲ್ಲಿ ನಿಂತು ನೋಡಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ನಮ್ಮ ಸಂಸ್ಥೆಯಲ್ಲಿ ಇಂಥದ್ದಕ್ಕೆಲ್ಲ ಒಂದೇ ಮದ್ದು, ರಾಜಿ ಕಾಗದ. ಪೆಟ್ಟು ತಿಂದವರ ಹೆಬ್ಬೆಟ್ಟು ಒತ್ತಿಸಿಕೊಂಡರೆ ಪೊಲೀಸೂ ಬೇಡ, ಕೋರ್ಟೂ ಬೇಡ.

"ಹೋಗಿ ಹೆಬ್ಬೆಟ್ಟು ಹಾಕಿಸ್ಕೊಂಡು ಬಾ ಮಾರಾಯ್ತಿ, ದೊಡ್ಡದು ಮಾಡ್ಲಿಕ್ಕೆ ಹೋಗ್ಬೇಡ," ಎಂದರು ಮಾವ. ನಾಚಿಕೆಗೆಟ್ಟ ನಾನು ಹೋದೆ.

ಆಸ್ಪತ್ರೆಯಲ್ಲಿ ಅವಳ ಮುಖ ಬಾತು ಒಂದು ಕಣ್ಣು ಮುಚ್ಚಿಯೇ ಹೋಗಿತ್ತು.

"ಎಂತ ಬರ್ದಿದ್ದೀರಿ? ಓದಿ ಅಮ್ಮ."

ಓದಿದೆ. ಮಾತಿಗೆ ಮಾತು ಬೆಳೆದು ಜಗಳವಾಗಿ ಕೈಗೆ ಪೆಟ್ಟಾಗಿದೆ ಎಂದಿತ್ತು.

"ಜಗಳಕ್ಕೆ ಇಬ್ಬರು ಬೇಕಲ್ವಾ? ನಾನು ಹೊಡ್ದದ್ದು ಯಾರಿಗೆ?"

ನನ್ನ ಮೈ ಉರಿದುಹೋಯಿತು. ಮಾವನ ಕತ್ತು ಹಿಸುಕಬೇಕು ಅನ್ನಿಸಿತು. ಕಾಗದವನ್ನು ಹರಿದು ಚೂರುಚೂರು ಮಾಡಿ, ಹೊಸ ಹಾಳೆ ತೆಗೆದು, ಹೊಡೆದ ಮೂವರನ್ನೂ ನಿಂತು ನೋಡಿದ ಮಾವನನ್ನೂ ಬಿಡದೆ ಬರೆದೆ. ಪೊಲೀಸರಿಗೇ ಕೊಡುತ್ತೇನೆ ಎಂದೆ.

ಅಷ್ಟರಲ್ಲಿ ಅವಳು ನೀರು ಕೇಳಿದಳು. ಹೂಜಿ ಎತ್ತಿದೆ. ಪಕ್ಕದಲ್ಲೇ ಲೋಟ ಇತ್ತು. ನಾನು ಲೋಟ ತುಂಬಿಸಲಿಲ್ಲ. ನಮ್ಮ ಮನೆಯಲ್ಲಿ ಅಜ್ಜಿ ಕೆಲಸದವರಿಗೆ ಮಾಡುತ್ತಿದ್ದ ಹಾಗೆಯೇ, ಯೋಚನೆಯೂ ಇಲ್ಲದೆ, ಮೇಲಿನಿಂದ ಅವಳ ಕೈಗೆ ಹೊಯ್ದೆ. ಒಂದೇ ಕೈಯಲ್ಲಿ ಬೊಗಸೆ ಆಗುವುದೆಲ್ಲಿ? ನೀರೆಲ್ಲ ಎದೆಯ ಮೇಲೆ, ಬ್ಯಾಂಡೇಜಿನ ಮೇಲೆ ಸುರಿಯಿತು. ಅವಳು ಬೈಯಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನನ್ನೇ ನೋಡಿದಳು.

"ಇದನ್ನೂ ಬರೀತೀರಾ ಅಮ್ಮ?"

ದೂರು ದಾಖಲಾಯಿತು. ಮಾವ ಎಲ್ಲರೆದುರು ನನ್ನ ಕೆನ್ನೆಗೆ ಬಾರಿಸಿ ಮನೆಯಿಂದ ಹೊರಗೆ ದಬ್ಬಿದರು. ಜನ ನನ್ನನ್ನು ಧೈರ್ಯವಂತೆ ಎಂದು ಹೊಗಳಿದರು. ಆ ಕಾಗದದಲ್ಲಿ ಎಲ್ಲರ ತಪ್ಪೂ ಇತ್ತು, ನನ್ನದೊಂದನ್ನು ಬಿಟ್ಟು.