ಒಳಗೆ ಅಂದರೆ ಹೊರಗೆ: ಕಳ್ವಾ ಊರಿನ ಪೂಜಿತಾಳ ಆಟ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುಂಬೈ ಪಕ್ಕದ ಠಾಣೆ ನಗರದ ಕಾಲೇಜೊಂದರ ಅಂಗಳದಲ್ಲಿ ಹುಡುಗಿಯೊಬ್ಬಳು ಚೆಂಡು ಪುಟಿಸುತ್ತ "ಉಲಾಯಿ!" ಎಂದು ಕೂಗುತ್ತಾಳೆ. ತುಳುವಿನಲ್ಲಿ ಹಾಗೆಂದರೆ ಒಳಗೆ. ಉಳಿದ ನಾಲ್ವರು ಮಾತ್ರ ಬುಟ್ಟಿಗೆ ಬೆನ್ನು ಹಾಕಿ ಹೊರಗೆ ಓಡುತ್ತಾರೆ. "ಪಿದಾಯಿ!" ಹೊರಗೆ. ಎಲ್ಲರೂ ಒಳಗೆ ನುಗ್ಗುತ್ತಾರೆ. ಕಾವಲುಗಾರ ಸಿದ್ರಾಮ ಕಲಬುರಗಿಯವರು, ಚಹಾ ಹೀರುತ್ತ ನಗುತ್ತಾರೆ: "ಈ ಹುಡುಗ್ಯಾರಿಗೆ ಏನಾಗ್ಯದೋ ಏನೋ, ದಿನಾ ಹಿಂಗ ನೋಡ್ರಿ."

ಕೂಗುವವಳು ಪೂಜಿತಾ, ಬಿ.ಕಾಂ. ಕೊನೆಯ ವರ್ಷ. ಪಕ್ಕದ ಕಳ್ವಾ ಊರಿನ ಒಂದೂವರೆ ಕೋಣೆಯ ಮನೆಯಿಂದ ಸೇತುವೆ ದಾಟಿ ಓಡಿಯೇ ಬರುತ್ತಾಳೆ. ಆ ಹೊತ್ತಿನ ಲೋಕಲ್ ರೈಲಿನಲ್ಲಿ ಚೆಂಡಿಗೂ ಜಾಗವಿಲ್ಲ. ಬಾಸ್ಕೆಟ್‌ಬಾಲ್ ತಂಡದಲ್ಲಿ ಅವಳದು ಪಾಯಿಂಟ್ ಗಾರ್ಡ್ ಕೆಲಸ. ಚೆಂಡನ್ನು ಮುಂದೆ ತರಬೇಕು, ಯಾರು ಎಲ್ಲಿಗೆ ಓಡಬೇಕೆಂದು ಕೂಗಬೇಕು, ಸರಿಯಾದ ಕೈಗೆ ಮುಟ್ಟಿಸಬೇಕು. ಬುಟ್ಟಿಗೆ ಹಾಕುವವರು ಬೇರೆ. ಕಾಲೇಜಿನ ಫಲಕದ ಫೋಟೋದಲ್ಲಿ ನಗುವವರೂ ಅವರೇ.

ಅಪ್ಪ ಲೀಲಾಧರ ಮಾಜಿವಾಡಾದ ಹೋಟೆಲಿನಲ್ಲಿ ಆರ್ಡರ್ ತೆಗೆದುಕೊಳ್ಳುವ ಕೆಲಸದಲ್ಲಿದ್ದಾರೆ. ಶನಿವಾರ, ಭಾನುವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಗಳ ಮ್ಯಾಚು ಅವರು ಇದುವರೆಗೆ ನೋಡಿಲ್ಲ. ಅಮ್ಮ ರತ್ನಾವತಿ ಒಮ್ಮೆ ನೋಡಿ ಬಂದು ಬೈದಿದ್ದಾರೆ: "ನೀನೂ ಒಂದು ಹಾಕು ಮಾರಾಯ್ತಿ! ಎಷ್ಟೂಂತ ಊರವರಿಗೆ ಹಂಚುದು?"

ಬೈಗುಳದ ಹಿಂದೆ ಚಿಂತೆಯಿದೆ. ಈ ಶನಿವಾರ ವಾಶಿಯಲ್ಲಿ ಅಂತರಕಾಲೇಜು ಫೈನಲ್. ವಿಶ್ವವಿದ್ಯಾಲಯದ ತಂಡ ಆರಿಸುವವರು ಅಲ್ಲಿಗೆ ಬರುತ್ತಾರೆ. ಪೂಜಿತಾಗೆ ಇದು ಕೊನೆಯ ಅವಕಾಶ. ಆಯ್ಕೆಯಾದರೆ ಮುಂದೆ ಕ್ರೀಡಾ ಕೋಟಾದ ನೌಕರಿಗೆ ಪ್ರಯತ್ನಿಸಬಹುದು, ಆಟವೂ ಉಳಿಯುತ್ತದೆ. ಇಲ್ಲದಿದ್ದರೆ ಪರೀಕ್ಷೆ, ಆಮೇಲೆ ಕಾಲ್ ಸೆಂಟರು. "ಸೆಲೆಕ್ಟರ್ ಲೋಗ್ ಬಾಸ್ಕೆಟ್ ಹಾಕಿದವರನ್ನೇ ನೋಡೋದು ಅಕ್ಕಾ," ಎಂದು ವರದಿಗೆ ಬಂದ ನನಗೆ ಹೇಳುತ್ತಾಳೆ. "ಪಾಸ್ ಕೊಟ್ಟವಳನ್ನ ಕೌನ್ ಪೂಛ್ತಾ ಹೈ?"

ತುಳುವಿನ ಕೂಗು ಅವಳದೇ ಉಪಾಯ. ಎದುರಾಳಿಗೆ ತಿಳಿಯದ ಭಾಷೆ ಬೇಕಿತ್ತು, ಮನೆಯಲ್ಲೇ ಒಂದಿತ್ತು. ಹೋದ ವರ್ಷ, 2011ರಲ್ಲಿ, ಅದೇ ಕೈಕೊಟ್ಟಿತು. ನೆರೂಳಿನ ಕಾಲೇಜಿನ ಹುಡುಗಿಯೊಬ್ಬಳು ಪ್ರತಿ ಪಾಸಿಗೂ ಮೊದಲೇ ಬಂದು ನಿಂತಿರುತ್ತಿದ್ದಳು. ಸೋತು ಕೈಕುಲುಕುವಾಗ ಆಕೆ ತಣ್ಣಗೆ ಹೇಳಿದಳು: "ಎಂಕ್‌ಲಾ ತುಳು ಬರ್ಪುಂಡು, ಮಾರಾಯ್ತಿ." ನನಗೂ ತುಳು ಬರುತ್ತದೆ! ಅವಳು ಅನುಷ್ಕಾ, ಹೋಟೆಲ್ ಮಾಲೀಕರ ಮಗಳು. ತುಳುವರ ಹೋಟೆಲುಗಳೇ ತುಂಬಿದ ಈ ಊರುಗಳಲ್ಲಿ ತುಳುವನ್ನು ಗುಟ್ಟೆಂದುಕೊಳ್ಳಲು ತುಳುವರಿಗೇ ಸಾಧ್ಯ.

ಈ ಸಲದ ಫೈನಲ್ ಅದೇ ತಂಡದ ಮೇಲೆ. ಅದಕ್ಕೇ ಈ ಉಲ್ಟಾ ಪಾಠ. ಮಜವೇನೆಂದರೆ, ತುಳುವಿನ ಗಂಧವಿಲ್ಲದ ನಾಲ್ವರೂ ಎರಡೇ ದಿನದಲ್ಲಿ ಕಲಿತಿದ್ದಾರೆ. ತಪ್ಪುವವಳು ಪೂಜಿತಾ ಒಬ್ಬಳೇ. ಅವಸರವಾದರೆ ನಾಲಿಗೆ ನಿಜವನ್ನೇ ಹೇಳಿಬಿಡುತ್ತದೆ. ಡೊಂಬಿವಲಿಯ ಉದ್ದನೆ ಹುಡುಗಿ ಮೃಣ್ಮಯಿ ಸೊಂಟಕ್ಕೆ ಕೈಯಿಟ್ಟು ಮರಾಠಿಯಲ್ಲಿ ಛೇಡಿಸುತ್ತಾಳೆ: "ಅಗಂ ಬಾಯೀ, ಭಾಷಾ ತುಝೀ, ಆಣಿ ಚುಕತೇಸ್ ಪಣ್ ತೂಚ್?" ಭಾಷೆ ನಿನ್ನದು, ತಪ್ಪುವವಳೂ ನೀನೇನಾ?

ಶನಿವಾರ, ವಾಶಿ. ಮೊದಲರ್ಧ ಉಲ್ಟಾ ಉಪಾಯ ಚೆನ್ನಾಗಿ ನಡೆಯುತ್ತದೆ. ಅನುಷ್ಕಾ ಖಾಲಿ ಜಾಗ ಕಾಯುತ್ತ ಹಲ್ಲು ಕಡಿಯುತ್ತಾಳೆ. ವಿರಾಮದ ಹೊತ್ತಿಗೆ ಅವಳಿಗೂ ಗುಟ್ಟು ಹೊಳೆದಿದೆ. ಆಮೇಲೆ ಪೂಜಿತಾ ಒಳಗೆ ಎಂದರೆ ಎರಡೂ ತಂಡಗಳು ಹೊರಗೆ ಓಡುತ್ತವೆ. ಒಂದೊಂದೇ ಪಾಯಿಂಟು ಕೈಜಾರಿ, ಕೊನೆಯ ನಿಮಿಷಕ್ಕೆ ಠಾಣೆ ಒಂದು ಪಾಯಿಂಟು ಹಿಂದೆ.

ಚೆಂಡು ಪೂಜಿತಾಳ ಕೈಯಲ್ಲಿದೆ. ಮೃಣ್ಮಯಿಯನ್ನು ಬುಟ್ಟಿಯ ಕೆಳಗೆ ಕಳಿಸಬೇಕು. ಉಲ್ಟಾ ಪಾಠದಂತೆ "ಪಿದಾಯಿ" ಎನ್ನಬೇಕು. ಬಾಯಿಗೆ ಬಂದದ್ದು "ಉಲಾಯಿ!" ಮೃಣ್ಮಯಿ ಹೊರಗೆ ಓಡುತ್ತಾಳೆ, ಜೊತೆಯವರೂ ಓಡುತ್ತಾರೆ. ಅನುಷ್ಕಾ "ಬಾಹರ್, ಬಾಹರ್!" ಎಂದು ಕಿರುಚುತ್ತ ತನ್ನ ತಂಡವನ್ನೆಲ್ಲ ಅವರ ಹಿಂದೆ ಎಳೆದೊಯ್ಯುತ್ತಾಳೆ. ಬುಟ್ಟಿಯ ಕೆಳಗೆ ಯಾರೂ ಇಲ್ಲ. ಪಾಸ್ ಕೊಡಲು ಅಲ್ಲಿ ಒಂದು ಕೈಯೂ ಇಲ್ಲ. ಪೂಜಿತಾ ಒಂದು ಗಳಿಗೆ ನಿಂತೇ ಬಿಡುತ್ತಾಳೆ. ಆಮೇಲೆ ತಾನೇ ಒಳಗೆ ನುಗ್ಗಿ, ಹಾರಿ, ಚೆಂಡನ್ನು ಬುಟ್ಟಿಗೆ ಹಾಕುತ್ತಾಳೆ.

ಗೆದ್ದ ಗದ್ದಲದ ನಡುವೆ ಆಯ್ಕೆಗಾರರೊಬ್ಬರು ಬಂದು ಕೇಳುತ್ತಾರೆ: "ಕ್ಯಾ ಪ್ಲ್ಯಾನ್ ಥಾ, ಬೇಟಾ! ಕಿಸ್‌ಕಾ ಥಾ?" ಮೃಣ್ಮಯಿ ಹಿಂದಿನಿಂದ ಚಿವುಟುತ್ತಾಳೆ, ನನ್ನದು ಅನ್ನು ಎಂದು. ಪೂಜಿತಾ ತಲೆ ಕೆರೆದುಕೊಳ್ಳುತ್ತಾಳೆ. "ಪ್ಲ್ಯಾನ್ ನಹೀ ಸರ್. ಮೇರೀ ಗಲ್ತೀ ಥೀ." ನನ್ನದೇ ತಪ್ಪು. ಅವರು ಜೋರಾಗಿ ನಕ್ಕು, ಸೋಮವಾರ ಕ್ಯಾಂಪಿಗೆ ಬಾ ಎನ್ನುತ್ತಾರೆ. ತಂಡದಲ್ಲಿ ಜಾಗ ಸಿಗುವುದೋ ಇಲ್ಲವೋ ಅಲ್ಲಿ ತಿಳಿಯಬೇಕು.

ಪ್ಲ್ಯಾನ್ ಎಂದೇ ಹೇಳಬಹುದಿತ್ತಲ್ಲ ಎಂದು ನಾನು ಕೇಳಿದರೆ ಪೂಜಿತಾ ಶೂ ಬಿಚ್ಚುತ್ತಲೇ ಉತ್ತರಿಸುತ್ತಾಳೆ: "ಹಾಗೆ ಹೇಳಿದ್ರೆ ಕ್ಯಾಂಪಲ್ಲಿ ದಿನಾ ಆ ಪ್ಲ್ಯಾನ್ ಮಾಡಿ ತೋರ್ಸು ಅಂತಾರೆ. ನಾನೆಲ್ಲಿಂದ ತರ್ಲಿ?"

ಲೇಸು ಸುತ್ತಿ ಶೂ ಒಳಗೆ ತುರುಕಿ, ತಲೆ ಎತ್ತುತ್ತಾಳೆ.

"ಕೂಗಿದ್ದು ಮಾತ್ರ ತಪ್ಪು ಅಕ್ಕಾ. ಬಾಸ್ಕೆಟ್ ನೋಡಿಯೇ ಹಾಕಿದ್ದು."