ಮೂರನೇ ರೂಮು

ನಮ್ಮ ದೊಡ್ಡಮ್ಮನನ್ನು ಎಲ್ಲರೂ ಕೀಲಿಯಮ್ಮ ಎನ್ನುತ್ತಿದ್ದರು. ಸಮುದ್ರದ ದಂಡೆಯ ಆ ಗೆಸ್ಟ್ ಹೌಸಿನ ಒಂಬತ್ತು ರೂಮುಗಳ ಕೀಲಿಗೊಂಚಲು ಅವಳ ಸೊಂಟದಿಂದ ಇಳಿದದ್ದನ್ನು ನಾನಂತೂ ಕಂಡಿಲ್ಲ. ಉಪ್ಪುಗಾಳಿಗೆ ಬೀಗಗಳು ತುಕ್ಕು ಹಿಡಿಯುತ್ತಿದ್ದವು, ಹಾಸಿಗೆಗಳಿಗೆ ಬೂಷ್ಟು ಬರುತ್ತಿತ್ತು, ದೊಡ್ಡಮ್ಮ ಮಾತ್ರ ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಬಚ್ಚಲ ಜಾಲರಿಯಲ್ಲಿ ಸಿಕ್ಕಿಕೊಂಡ ಯಾರದೋ ಕೂದಲನ್ನು ಬೆರಳಲ್ಲೇ ಎಳೆದು ತೆಗೆದು, ಕೈ ತೊಳೆದು, ಅದೇ ಉಸಿರಿನಲ್ಲಿ ಬಾಗಿಲಿಗೆ ಬಂದವರನ್ನು "ಬನ್ನಿ ಬನ್ನಿ, ದಾರೀಲಿ ತೊಂದ್ರೆ ಆಗ್ಲಿಲ್ವಲ್ಲ?" ಎಂದು ಮಾತಾಡಿಸುತ್ತಿದ್ದಳು.

ಅವಳದು ಒಂದೇ ಕಟ್ಟಳೆ. ಒಬ್ಬರು ರೂಮು ಬಿಟ್ಟರೆ, ತಲೆ ಮೇಲೆ ತಲೆ ಬಿದ್ದರೂ, ಒಂದು ಗಂಟೆಯೊಳಗೆ ಅದು ಮುಂದಿನವರಿಗೆ ಸಿದ್ಧವಾಗಬೇಕು. ಚಾದರ ಒಗೆಯುವುದಕ್ಕೆ, ಮರಳು ಹೊರಕ್ಕೆ, ಮರೆತುಹೋದ ಸಾಮಾನು ರಟ್ಟಿನ ಪೆಟ್ಟಿಗೆಗೆ, ಅದರ ಮೇಲೊಂದು ಚೀಟಿ. ಗಂಡನ ಮನೆ ಬಿಟ್ಟು ಬಂದ ನನಗೆ ಅಲ್ಲಿ ಅನ್ನ ಸಿಕ್ಕಿದ್ದೂ ಈ ಕೆಲಸ ಕಲಿತದ್ದಕ್ಕೇ.

ಬಂದವರಿಗೆಲ್ಲ ಸಮುದ್ರ ತೋರಿಸಿದ ದೊಡ್ಡಪ್ಪ ಮಲಗುತ್ತಿದ್ದದ್ದು ಅಡುಗೆಮನೆಯ ಹಿಂದೆ, ಕಿಟಕಿಯಿಲ್ಲದ ಕೋಣೆಯಲ್ಲಿ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ನಲ್ಲಿ, ಪಂಪು, ಫ್ಯೂಸು ರಿಪೇರಿ ಮಾಡುತ್ತಲೇ ಇಪ್ಪತ್ತಾರು ವರ್ಷ ಕಳೆದ ಆ ಮನುಷ್ಯ, ಶ್ವಾಸಕೋಶ ಕೆಟ್ಟ ಮೇಲೆ ಕೇಳಿದ್ದು ಒಂದೇ ಒಂದು.

"ಇನ್ನು ಇರೋವಷ್ಟು ದಿನ ಮೂರನೇ ರೂಮಲ್ಲಿ ಮಲಗ್ತೀನಿ ಕಣೇ. ಕಣ್ಣು ಬಿಟ್ರೆ ನೀರು ಕಾಣ್ಬೇಕು."

"ಅದು ಇನ್ನು ನಿಮ್ದೇ ರೀ. ದೇವ್ರೇ ಬಂದು ಕೇಳಿದ್ರೂ ಯಾರಿಗೂ ಕೊಡಲ್ಲ," ಎಂದಳು ದೊಡ್ಡಮ್ಮ. ಮನಸಾರೆ ಹೇಳಿದ ಮಾತು ಅದು, ನಾನು ಅಲ್ಲೇ ಇದ್ದೆ.

ಎರಡು ತಿಂಗಳು ಅವರು ಆ ಕಿಟಕಿಯ ಪಕ್ಕ ಮಲಗಿದರು. ರಜೆ ಶುರುವಾಗಿ ಜನ ಮುಗಿಬಿದ್ದು ಬರುತ್ತಿದ್ದ ವಾರ, ಒಂದು ಬೆಳಿಗ್ಗೆ ಉಸಿರು ಕಟ್ಟಿತು. ಆಂಬುಲೆನ್ಸ್ ಬಂತು, ಅವರ ತಮ್ಮ ಜೊತೆಗೆ ಹತ್ತಿದ. ಗಾಡಿ ರಸ್ತೆಯ ತಿರುವು ದಾಟುವವರೆಗೂ ಗೇಟಿನಲ್ಲಿ ನಿಂತಿದ್ದ ದೊಡ್ಡಮ್ಮ ಸೀದಾ ಮೂರನೇ ರೂಮಿಗೆ ಬಂದು ಚಾದರ ಸೆಳೆದಳು. "ಆ ತುದಿ ಹಿಡ್ಕೋ," ಎಂದಳು. ನಾನು ಹಿಡಿದೆ. ಬೇಡ ದೊಡ್ಡಮ್ಮ ಅನ್ನುವ ಮಾತು ನನ್ನ ಬಾಯಿಗೂ ಬರಲಿಲ್ಲ, ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಕನ್ನಡಕ, ಕ್ಷೌರದ ಬ್ರಷ್ಷು, ಚಪ್ಪಲಿ ಎಲ್ಲ ಪೆಟ್ಟಿಗೆಗೆ ಬಿದ್ದವು. ಮಧ್ಯಾಹ್ನ ಮಗುವಿನೊಂದಿಗೆ ಬಂದ ಗಂಡ ಹೆಂಡತಿಯ ಕೈಗೆ ಮೂರನೇ ರೂಮಿನ ಕೀಲಿ ಹೋಯಿತು.

ದುರಾಸೆ ಅಂದರು ನೆಂಟರು. ದುರಾಸೆಯಾಗಿದ್ದರೆ ನಾನು ಕ್ಷಮಿಸುತ್ತಿದ್ದೆ. ಅದಕ್ಕೂ ಒಂದಿಷ್ಟು ಯೋಚನೆ ಬೇಕು. ಅವಳ ಕೈ ಯೋಚಿಸಲೇ ಇಲ್ಲ.

ಸಂಜೆಯೇ ದೊಡ್ಡಪ್ಪ ವಾಪಸು ಬಂದರು. ಇಲ್ಲಿಗಿಂತ ಮನೆಯಲ್ಲೇ ಆರಾಮಾಗಿರುತ್ತಾರೆ ಎಂದು ಡಾಕ್ಟರು ಕಳಿಸಿಬಿಟ್ಟಿದ್ದರಂತೆ. ಗೋಡೆ ಹಿಡಿದುಕೊಂಡು ಮೂರನೇ ರೂಮಿನವರೆಗೂ ಹೋದರು. ಬಾಗಿಲಲ್ಲಿ ಮೂರು ಜೊತೆ ಚಪ್ಪಲಿ, ಒಳಗೆ ಮಗುವಿನ ನಗು. ತಿರುಗಿದಾಗ ಹಜಾರದ ಮೂಲೆಯ ಪೆಟ್ಟಿಗೆ ಕಂಡಿತು. ಅದರಿಂದ ತಮ್ಮ ಕನ್ನಡಕ ತೆಗೆದು ಹಾಕಿಕೊಂಡು ಚೀಟಿ ಓದಿದರು: ಮೂರನೇ ರೂಮು, ಬಿಟ್ಟು ಹೋದದ್ದು, ಇವತ್ತಿನ ತಾರೀಕು. ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಯ ಹಿಂದಕ್ಕೆ ನಡೆದರು.

ದೊಡ್ಡಮ್ಮ ತಲೆ ತಲೆ ಚಚ್ಚಿಕೊಂಡಳು. ಮರುದಿನ ಆ ಗಂಡ ಹೆಂಡತಿಗೆ ಕೈಮುಗಿದು ಬೇರೆ ಕಡೆ ಕಳಿಸಿ, ರೂಮು ತೊಳೆದು, ದೊಡ್ಡಪ್ಪನ ಹಳೇ ದಿಂಬೇ ಬೇಕೆಂದು ಹುಡುಕಿ ತಂದಿಟ್ಟಳು. ಸೀಸನ್ ಮುಗಿಯುವವರೆಗೂ ಅದನ್ನು ಯಾರಿಗೂ ಕೊಡಲಿಲ್ಲ. ದಿನಾ ಕರೆದಳು.

"ಇಲ್ಲೇ ಚೆನ್ನಾಗಿದೆ ಬಿಡು," ಎನ್ನುತ್ತಿದ್ದರು ಅವರು.

ಕೊನೆಗೊಂದು ದಿನ ಅವಳ ಸಹನೆಯ ಕಟ್ಟೆಯೊಡೆಯಿತು. "ಸತ್ತೇ ಹೋದ್ರಿ ಅಂದ್ಕೊಂಡು ಹಾಗೆ ಮಾಡ್ದೆ ಅಂತ ತಿಳ್ಕೊಂಡಿದೀರಾ? ನನ್ನಾಣೆ, ಹಾಗೆ ಅಂದ್ಕೊಳ್ಳಲಿಲ್ಲ ರೀ!"

ದೊಡ್ಡಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ಸತ್ತೆ ಅಂದ್ಕೊಂಡಿದ್ರೆ ನೀನು ಅಳ್ತಿದ್ದೆ ಕಣೇ," ಎಂದರು. "ನೀನು ಕಸ ಗುಡಿಸ್ದೆ."

ಆಮೇಲೆ ಅವಳು ಕರೆಯಲಿಲ್ಲ. ಹನ್ನೊಂದು ದಿನಕ್ಕೆ ಅವರು ಅಲ್ಲೇ, ಗೋಡೆ ನೋಡುತ್ತಲೇ, ಹೋದರು.