ಪೈ ಮಾಮ್ ಅಂಗಡಿಗೆ ಬಂದ ನನ್ನ ಪಾರ್ಸೆಲ್

"ಸುಧಾಕರ್ ಕೌನ್ ಹೈ? ಪಾರ್ಸೆಲ್ ಹೈ."

ಕೊರಿಯರ್‌ನವನು ಕೌಂಟರಿನ ಮೇಲೆ ಬಾಕ್ಸ್ ಇಟ್ಟು ಕೂಗಿದಾಗ ನಾನು ಏಣಿ ಹತ್ತಿ ಮೇಲಿನ ಶೆಲ್ಫಿನ ಫ್ಯಾನ್‌ಗಳ ಧೂಳು ಒರೆಸುತ್ತಿದ್ದೆ. ದೀಪಾವಳಿಗೆ ಹತ್ತು ದಿನ ಇತ್ತು. ಅಂಗಡಿಯಲ್ಲಿ ಗಿರಾಕಿ ಒಬ್ಬರೂ ಇಲ್ಲ.

ನಾನು ಇಳಿಯುವಷ್ಟರಲ್ಲಿ ಪೈ ಮಾಮ್ ಸಹಿ ಹಾಕಿಯೂ ಆಗಿತ್ತು.

ಪೈ ಮಾಮ್ ಅಂದರೆ ನಮ್ಮ ಧಣಿ. ಕೊಂಕಣಿಯಲ್ಲಿ ಮಾಮ್ ಅಂದರೆ ಮಾವ, ಎಲ್ಲರೂ ಅವರನ್ನು ಹಾಗೇ ಕರೆಯುವುದು. ಡೊಂಬಿವಲಿ ಈಸ್ಟ್‌ನಲ್ಲಿ, ಸ್ಟೇಷನ್‌ನಿಂದ ಐದು ನಿಮಿಷ ನಡೆದರೆ ಅವರ ಎಲೆಕ್ಟ್ರಾನಿಕ್ಸ್ ಅಂಗಡಿ. ನಾನು ಅಲ್ಲಿ ಹದಿನಾಲ್ಕು ವರ್ಷದಿಂದ ಸೇಲ್ಸ್‌ಮನ್. ಊರಿನಿಂದ ಬಂದವನಿಗೆ ಕೆಲಸ ಕೊಟ್ಟವರು, ಮದುವೆಯಾದಾಗ ಪಕ್ಕದ ಕಲ್ಯಾಣ್ ಊರಿನಲ್ಲಿ ಬಾಡಿಗೆ ರೂಮ್ ಹುಡುಕಿ ಕೊಟ್ಟವರು ಅವರೇ.

ಅಂಗಡಿಯ ಜಾಗ ಕೇಳಿಕೊಂಡು ಒಬ್ಬ ಬಟ್ಟೆ ವ್ಯಾಪಾರಿ ವರ್ಷದಿಂದ ಓಡಾಡುತ್ತಿದ್ದ. ಮಾಮ್ ಪ್ರತಿ ಸಲ ಅವನಿಗೆ ಚಹಾ ಕುಡಿಸಿ ಸಾಗಹಾಕುತ್ತಿದ್ದರು. "ನಮ್ಮ ಹುಡುಗರು ಎಲ್ಲಿಗೆ ಹೋಗ್ಬೇಕು?" ಎನ್ನುವುದು ಅವರ ಒಂದೇ ಮಾತು. ಹುಡುಗರು ಅಂದರೆ ನಾನು ಮತ್ತು ಮೋರೆ ಎನ್ನುವ ರಿಪೇರಿಯವ... ಇಬ್ಬರಿಗೂ ನಲವತ್ತು ದಾಟಿತ್ತು.

ಬಾಕ್ಸ್ ಮೇಲೆಲ್ಲ ಆನ್‌ಲೈನ್ ಕಂಪನಿಯ ಟೇಪ್. ಒಳಗೇನಿದೆ ಎಂದು ಚೀಟಿಯಲ್ಲೇ ಬರೆದಿತ್ತು. ಮಿಕ್ಸರ್. ಅದೇ ಮಾಡೆಲ್, ಅದೇ ಬಣ್ಣದ್ದು ನಮ್ಮ ಶೋಕೇಸಿನಲ್ಲಿ ಎರಡು ಪೀಸ್ ಕೂತಿವೆ.

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ನೀವು ಬೈಯುವುದಕ್ಕೆ ಮೊದಲು ಸ್ವಲ್ಪ ಕೇಳಿ.

ಆಗೆಲ್ಲ ಅಂಗಡಿಯಲ್ಲಿ ನಿಂತು ನಿಂತು ನನಗೆ ಸಾಕುಸಾಕಾಗಿತ್ತು. ಜನ ಬರುತ್ತಾರೆ, ಇದ್ದಬದ್ದದ್ದೆಲ್ಲ ತೆಗೆಸಿ ನೋಡುತ್ತಾರೆ, ಮಾಡೆಲ್ ನಂಬರಿನ ಫೋಟೋ ಹೊಡೆದುಕೊಂಡು "ಯೋಚನೆ ಮಾಡಿ ಬರ್ತೇವೆ" ಎಂದು ಹೊರಡುತ್ತಾರೆ. ಯೋಚನೆ ಮುಗಿಸಿ ಬಂದವರನ್ನು ನಾನಂತೂ ಕಾಣೆ.

ಅದರಲ್ಲೂ ನಮ್ಮವರೇ ಹೆಚ್ಚು. ಕನ್ನಡ ಮಾತಾಡುವ ಅಂಗಡಿ ಎಂದು ಹುಡುಕಿಕೊಂಡು ದೂರದ ಐರೋಲಿಯಿಂದ ಒಬ್ಬರು ಅಕ್ಕ ಬಂದಿದ್ದರು, ಸ್ಟೀಲ್ ಡಬ್ಬಿಯಲ್ಲಿ ನೆನೆಸಿದ ಅಕ್ಕಿಯ ಸಮೇತ! ಮೂರು ಮಿಕ್ಸರಿನಲ್ಲಿ ರುಬ್ಬಿ ತೋರಿಸಿದೆ. ಅವರು ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, ಎರಡನೆಯದರಲ್ಲಿ ನುಣ್ಣಗಾಯಿತು ಎಂದು ಒಪ್ಪಿ, ಹಿಟ್ಟು ಡಬ್ಬಿಗೆ ತುಂಬಿಸಿಕೊಂಡು ಹೋದರು.

ವಾರ ಬಿಟ್ಟು ಅಂಗಡಿಗೆ ಫೋನ್. "ಅಣ್ಣಾ, ಆನ್‌ಲೈನಲ್ಲಿ ತರಿಸಿದ್ದು, ಜಾರ್ ಸರಿ ಕೂರ್ತಾ ಇಲ್ಲ... ಹೇಗಂತ ಸ್ವಲ್ಪ ಹೇಳ್ತೀರಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಮಾಮ್ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಜಾರ್ ಯಾವ ಕಡೆ ತಿರುಗಿಸಬೇಕೆಂದು ಸಮಾಧಾನವಾಗಿ ಹೇಳಿಕೊಟ್ಟರು.

"ಇಂಥವರಿಗೆಲ್ಲ ಎಂತಕ್ಕೆ ಹೇಳುದು ಮಾಮ್?" ಎಂದೆ.

"ಇರ್ಲಿ ಮಾರಾಯ, ಮುಂದಿನ ಸಲ ನಮ್ಮಲ್ಲಿಗೇ ಬರ್ತಾರೆ."

ಅದಾಗಿ ತಿಂಗಳಿಗೆ ನಮ್ಮ ಮನೆಯ ಮಿಕ್ಸರ್ ಸುಟ್ಟುಹೋಯಿತು. ಹೆಂಡತಿ ಶಶಿ ಕಲ್ಯಾಣ್‌ನಲ್ಲೇ ಟೀಚರ್. ಬೆಳಿಗ್ಗೆ ಅಡುಗೆ ಮುಗಿಸಿ ಏಳಕ್ಕೆ ಹೊರಡುವವಳು, ಮಿಕ್ಸರ್ ಇಲ್ಲದೆ ಒಂದು ದಿನವೂ ಆಗದು. ನಮ್ಮ ಸ್ಟಾಫ್ ರೇಟಿಗಿಂತಲೂ ಆನ್‌ಲೈನಲ್ಲಿ ಎಷ್ಟೋ ಕಡಿಮೆ ಇತ್ತು.

ಕೇಳಿದ್ದರೆ ಮಾಮ್ ನಷ್ಟ ಮಾಡಿಕೊಂಡಾದರೂ ಆ ರೇಟಿಗೆ ಕೊಡುತ್ತಿದ್ದರು, ಅದು ನನಗೆ ಗೊತ್ತು. ಹಬ್ಬದ ಸಮಯದಲ್ಲೂ ವ್ಯಾಪಾರ ಇಲ್ಲದೆ ಕೂತಿರುವ ಮನುಷ್ಯನ ಹತ್ತಿರ ಯಾವ ಬಾಯಲ್ಲಿ ಕೇಳುವುದು?

ಗೊತ್ತಾಗದ ಹಾಗೆ ತರಿಸಿಕೊಂಡರಾಯಿತು ಅಂದುಕೊಂಡೆ.

ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲವೆಂದು ಮಗಳ ಶೂ, ಪುಸ್ತಕ ಎಲ್ಲವನ್ನೂ ಅಂಗಡಿಯ ಅಡ್ರೆಸ್‌ಗೇ ತರಿಸುತ್ತಿದ್ದೆವು. ಈ ಸಲ ಶಶಿಯ ಶಾಲೆಯ ಅಡ್ರೆಸ್ ಹಾಕಬೇಕೆಂದು ಪ್ಲಾಟ್‌ಫಾರ್ಮಿನಲ್ಲಿ ನಿಂತು ಮೊಬೈಲ್ ತೆಗೆದಿದ್ದೆ. ಅಷ್ಟರಲ್ಲಿ ಕಲ್ಯಾಣ್ ಲೋಕಲ್ ಬಂತು. ತಳ್ಳಾಟದಲ್ಲಿ ಒಳಗೆ ನುಗ್ಗಿ, ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡು ಹೆಬ್ಬೆರಳಲ್ಲಿ ಆರ್ಡರ್ ಒತ್ತಿಬಿಟ್ಟೆ. ಹಳೆಯ ಅಡ್ರೆಸ್ಸೇ ಹೋಗಿದೆ.

ಈಗ ಬಾಕ್ಸ್ ಕೌಂಟರಿನ ಮೇಲಿದೆ. ಆ ಕಡೆ ಮಾಮ್, ಈ ಕಡೆ ನಾನು.

"ಮಾಮ್, ಅದು..." ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಡ್ರಾಯರಿನಿಂದ ಕತ್ತರಿ ತೆಗೆದು ಟೇಪ್ ಕತ್ತರಿಸಿದರು. ಮಿಕ್ಸರ್ ಹೊರಗೆ ತೆಗೆದು ಪ್ಲಗ್ ಹಾಕಿ, ಒಂದೊಂದೇ ಜಾರ್ ಕೂರಿಸಿ ಓಡಿಸಿ ನೋಡಿದರು. ಎಲ್ಲ ಗಿರಾಕಿಗಳಿಗೂ ಹಾಗೆಯೇ ಮಾಡುವುದು ಅವರು.

ಆಮೇಲೆ ವಾರಂಟಿ ಕಾರ್ಡಿನಲ್ಲಿ ನನ್ನ ಹೆಸರು ಬರೆದರು. ಅಭ್ಯಾಸಬಲದಿಂದ ಕೈ ಅಂಗಡಿಯ ಸೀಲಿನ ಕಡೆಗೆ ಹೋಯಿತು... ಎತ್ತಿಕೊಂಡು, ಇಂಕ್ ಪ್ಯಾಡಿಗೂ ಒತ್ತಿ, ಅಲ್ಲಿಗೆ ನಿಲ್ಲಿಸಿದರು. ನಮ್ಮ ಅಂಗಡಿಯ ಮಾಲಲ್ಲವಲ್ಲ. ಸೀಲನ್ನು ಮೆಲ್ಲಗೆ ವಾಪಸ್ ಇಟ್ಟರು.

"ಪೀಸ್ ಒಳ್ಳೇದುಂಟು. ಬಾಕ್ಸ್ ಬಿಸಾಡ್ಬೇಡ" ಎಂದರು. ರೇಟ್ ಎಷ್ಟೆಂದು ಕೇಳಿದರು. ಹೇಳಿದೆ.

"ಇಷ್ಟಕ್ಕೆ ನನಗೆ ಕಂಪನಿಯವರೇ ಕೊಡುದಿಲ್ಲ ಮಾರಾಯ."

ತುಂಬಾ ಸುಸ್ತಾದವರ ದನಿ ಅದು. ನನಗೆ ಅಳು ಬಂತು, ಈ ವಯಸ್ಸಿನಲ್ಲಿ, ಅಂಗಡಿಯ ನಡುವೆ ನಿಂತುಕೊಂಡು.

"ತಪ್ಪಾಯ್ತು ಮಾಮ್" ಎಂದೆ.

"ನಿಂದೆಂತ ತಪ್ಪು? ಹೆಂಡತಿ ಮಕ್ಕಳು ಇರುವವ, ಕಡಿಮೆಗೆ ಸಿಗುವಲ್ಲಿ ತಗೊಂಡೆ." ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಆದ್ರೆ ನಿನಗೇ ಇಲ್ಲಿ ತಗೊಳ್ಳಿಕ್ಕೆ ಆಗ್ಲಿಲ್ಲ ಅಂದ್ಮೇಲೆ, ನಾನು ಯಾರಿಗೆ ಅಂತ ಅಂಗಡಿ ತೆಗ್ದು ಕೂರುದು, ಹೇಳು?"

ಲಕ್ಷ್ಮೀಪೂಜೆ ಮುಗಿದ ಮರುವಾರವೇ ಬಟ್ಟೆ ವ್ಯಾಪಾರಿಗೆ ಹೂಂ ಅಂದರು. ಥಾಣೆಯ ಒಂದು ಶೋರೂಮಿನಲ್ಲಿ ನನಗೆ ಕೆಲಸ ಮಾತಾಡಿ ಕೊಡಿಸಿದ್ದೂ ಅವರೇ.

ಅವತ್ತು ಅವರು ಕೇಳಿದ್ದಕ್ಕೆ ಏನು ಹೇಳಬೇಕಿತ್ತೋ ಇವತ್ತಿಗೂ ತಿಳಿಯುತ್ತಿಲ್ಲ... ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ?